ಗಾಯ ಮಾಯಿಸುವ ರೇಷ್ಮೆ

ರಾಜಘಟ್ಟವನ್ನೊಳಗೊಂಡ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ರೇಷ್ಮೆಯೆಂದೊಡನೆ ನೆನಪಾಗುವುದು ಮಗ್ಗ ಮತ್ತು ಸೀರೆ. ಅದೇ ರೇಷ್ಮೆ ಇಂದು ವೈದ್ಯಶಾಸ್ತ್ರದ ಗಮನವನ್ನೂ ಸೆಳೆದಿದೆ.

ರೇಷ್ಮೆಯ ಎಳೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆಯ ಸಸಾರಜನಕ, ಎಂದರೆ ಪ್ರೋಟೀನು. ಸುಮಾರು ಮುಕ್ಕಾಲು ಪಾಲು ಒಳತಿರುಳಾದ ಫೈಬ್ರಾಯಿನ್. ಉಳಿದುದು ಅದನ್ನು ಆವರಿಸಿದ ಅಂಟಾದ ಸೆರಿಸಿನ್. ಗೂಡುಗಳನ್ನು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿದರೆ ಅಂಟು ಕಳಚುತ್ತದೆ. ಉಳಿದ ಫೈಬ್ರಾಯಿನನ್ನು ಲಿಥಿಯಂ ಬ್ರೋಮೈಡಿನ ಗಾಢ ದ್ರಾವಣದಲ್ಲಿ ಕರಗಿಸಿ, ತರುವಾಯ ಆ ಲವಣವನ್ನು ಬೇರ್ಪಡಿಸುತ್ತಾರೆ. ಹೀಗೆ ದೊರೆತ ದ್ರಾವಣದಲ್ಲಿ ಅಣುಸರಪಣಿಗಳು ಕ್ರಮೇಣ ಹೆಣೆದುಕೊಂಡು ಬಲೆಯಾಗುತ್ತವೆ. ಬಲೆಯ ಕಣ್ಣುಗಳಲ್ಲಿ ನೀರು ಸೆರೆಯಾಗುತ್ತದೆ. ತೂಕದಲ್ಲಿ ಬಹುಪಾಲು ನೀರೇ ಆದರೂ ಹರಿಯದ ಈ ಲೋಳೆಗೆ ಹೈಡ್ರೋಜೆಲ್ ಎಂದು ಹೆಸರು.

ಗಾಯವು ಒಣಗಿದಷ್ಟೂ ಬೇಗ ಮಾಯುವುದೆಂಬುದು ಜನರ ರೂಢಿಯ ನಂಬಿಕೆ. ಹಂದಿಗಳ ಮೇಲೆ ಪ್ರಯೋಗ ನಡೆಸಿದ ವಿಜ್ಞಾನಿ ಜಾರ್ಜ್ ವಿಂಟರ್, ತೇವವಿದ್ದ ಗಾಯದ ಮೇಲೆ ಹೊಸ ಚರ್ಮವು ಬೇಗ ಹರಡುವುದೆಂದು 1962ರಲ್ಲಿ ತೋರಿಸಿಕೊಟ್ಟರು. ಹೈಡ್ರೋಜೆಲ್ ಆ ತೇವವನ್ನು ಕಾಯುತ್ತದೆ. ತನ್ನೊಳಗೆ ಸೇರಿಸಿದ ಔಷಧವನ್ನು ಮೆಲ್ಲನೆ ಬಿಟ್ಟುಕೊಡುತ್ತದೆ. ಫೈಬ್ರಾಯಿನಿನ ಲೋಳೆಯು ದೇಹದೊಳಗೆ ಕಾಲಕ್ರಮದಲ್ಲಿ ಕರಗಿಯೂ ಹೋಗುತ್ತದೆ. ಸವೆದ ಮೃದ್ವಸ್ಥಿಯ ಪುನರ್ನಿರ್ಮಾಣಕ್ಕೂ ಇದನ್ನು ಬಳಸುವ ಸಂಶೋಧನೆ ಸಾಗಿದೆ.

ಆದರೆ ಇದು ಸರ್ವರೋಗಕ್ಕೂ ಸಲ್ಲುವ ಮದ್ದಲ್ಲ. ಹೆಚ್ಚು ರಸ ಸೋರುವ ಗಾಯಕ್ಕೆ ನೀರುತುಂಬಿದ ಲೋಳೆ ಸಾಮಾನ್ಯವಾಗಿ ಒಗ್ಗದು. ಅಂಟು ಉಳಿದ ಹಸಿ ರೇಷ್ಮೆಯು ಕೆಲವರ ಮೈಯಲ್ಲಿ ಉರಿಯೂತವನ್ನೂ ತರಬಲ್ಲುದು. ಆದುದರಿಂದ ಮನೆಯ ಗೂಡನ್ನು ಚೂರುಮಾಡಿ ಹುಣ್ಣಿಗೆ ಹಚ್ಚುವುದು ಅಪಾಯಕರ. ಸಕ್ಕರೆ ಕಾಯಿಲೆಯವರ ಕಾಲುಹುಣ್ಣಂತೂ ಅಲಕ್ಷಿಸಿದರೆ ಕಾಲನ್ನೇ ಕಳೆಯಬಹುದು. ಅವರು ವೈದ್ಯರನ್ನು ಕಾಣುವುದೇ ಮೊದಲ ಚಿಕಿತ್ಸೆ. ಶುದ್ಧಿಗೊಂಡು, ನಿರ್ಜಂತುಕವಾಗಿ, ವೈದ್ಯರ ಕೈಯಿಂದ ಬಂದಾಗ ಮಾತ್ರ ರೇಷ್ಮೆ ಔಷಧಕ್ಕೆ ನೆರವಾದೀತು.