ವಿಡಿಯೋದ ಟೈಮ್‌ಕೋಡ್ ತಿದ್ದುವ ಮುನ್ನ

ನಮ್ಮ ಧರ್ಮಕೇಂದ್ರಗಳಲ್ಲಿ ವಿಡಿಯೋ ಮಾಡದ ಕಾರ್ಯಕ್ರಮವೇ ಇಲ್ಲವೆನ್ನಬಹುದು. ವಾರ್ಷಿಕ ಹಬ್ಬ, ಮೊಂತಿ ಹಬ್ಬ, ಗುರುದೀಕ್ಷೆ, ಪ್ರಥಮ ಪರಮಪ್ರಸಾದ ಹೀಗೆ ಎಲ್ಲವನ್ನೂ ಎರಡು ಮೂರು ಕ್ಯಾಮರಾಗಳಲ್ಲಿ, ಯುವಜನರ ಮೊಬೈಲುಗಳಲ್ಲಿ ಸೆರೆಹಿಡಿಯುತ್ತೇವೆ. ಅವನ್ನು ಜೋಡಿಸಲು ಕುಳಿತಾಗ ಒಂದರ ಸಮಯ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಆಗ ಟೈಮ್‌ಕೋಡ್ ತಿದ್ದಬೇಕಾಗುತ್ತದೆ. ಅದನ್ನು ಹೇಗೆ ತಿದ್ದಬೇಕು, ಎಲ್ಲಿ ತಿದ್ದಬಾರದು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಟೈಮ್‌ಕೋಡ್ ಎಂದರೇನು?

ವಿಡಿಯೋ ಎಂದರೆ ಒಂದರ ಹಿಂದೆ ಒಂದು ಓಡುವ ಚಿತ್ರಗಳ ಸಾಲು. ಪ್ರತಿಯೊಂದು ಚಿತ್ರವನ್ನು ಫ್ರೇಮ್ ಎನ್ನುತ್ತಾರೆ. ಪ್ರತಿ ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ ಎಂಬ ಕ್ರಮದಲ್ಲಿ ಒಂದು ಸಂಖ್ಯೆಯಿರುತ್ತದೆ. ಅದೇ ಟೈಮ್‌ಕೋಡ್. ಭಾರತದ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮುಗಳು. ಆದ್ದರಿಂದ ಕೊನೆಯ ಅಂಕಿ 00ರಿಂದ 24ರವರೆಗೆ ಹೋಗುತ್ತದೆ. ಅಮೆರಿಕದ ಪದ್ಧತಿಯಲ್ಲಿ 29.97 ಫ್ರೇಮುಗಳು. ಅಲ್ಲಿ ಲೆಕ್ಕವನ್ನು ಗಡಿಯಾರಕ್ಕೆ ಹೊಂದಿಸಲು ಪ್ರತಿ ನಿಮಿಷದ ಆರಂಭದಲ್ಲಿ ಎರಡು ಸಂಖ್ಯೆಗಳನ್ನು ಬಿಟ್ಟು ಎಣಿಸುತ್ತಾರೆ. ಪ್ರತಿ ಹತ್ತನೇ ನಿಮಿಷದಲ್ಲಿ ಮಾತ್ರ ಬಿಡುವುದಿಲ್ಲ. ಇದಕ್ಕೆ ಡ್ರಾಪ್ ಫ್ರೇಮ್ ಎಂದು ಹೆಸರು. ಬಿಟ್ಟುಹೋಗುವುದು ಸಂಖ್ಯೆ ಮಾತ್ರ, ಚಿತ್ರವಲ್ಲ. ಹಬ್ಬಕ್ಕೆ ಮುನ್ನ ಎಲ್ಲ ಕ್ಯಾಮರಾಗಳನ್ನೂ 25ಕ್ಕೆ ಇಟ್ಟುಕೊಂಡರೆ ಈ ಗೊಂದಲವಿರದು.

ಟೈಮ್‌ಕೋಡಿಗೆ ತಾರೀಖು ತಿಳಿಯದು. 23:59:59:24 ಆದ ಮೇಲೆ ಮತ್ತೆ ಸೊನ್ನೆಯಿಂದ ಆರಂಭ. 2008ರ ಜನವರಿ 26 ಮತ್ತು 27ರಂದು ಮಂಗಳೂರಿನಲ್ಲಿ ಮಾಂಡ್ ಸೊಭಾಣ್ ಸಂಸ್ಥೆ ನಡೆಸಿದ 'ಕೊಂಕಣಿ ನಿರಂತರಿ'ಯಲ್ಲಿ 40 ಗಂಟೆ ಎಡೆಬಿಡದೆ ಹಾಡಿ ಗಿನ್ನೆಸ್ ದಾಖಲೆ ಮಾಡಿದ್ದು ಹಲವರಿಗೆ ನೆನಪಿರಬಹುದು. ಅಷ್ಟು ದೀರ್ಘ ಕಾರ್ಯಕ್ರಮವನ್ನು ಗಡಿಯಾರದ ಸಮಯದಲ್ಲಿ ಚಿತ್ರೀಕರಿಸಿದರೆ 16 ಗಂಟೆಗಳ ಸಂಖ್ಯೆಗಳು ಎರಡು ಬಾರಿ ಬರುತ್ತವೆ. ಆದ್ದರಿಂದ ಫೈಲಿನ ಹೆಸರಿನಲ್ಲೇ ತಾರೀಖು ಬರೆಯುವುದು ಒಳ್ಳೆಯದು.

ತಿದ್ದುವ ಕ್ರಮ

ಎಲ್ಲ ಕ್ಯಾಮರಾಗಳಿಗೂ ಕೇಳಿಸಿದ ಒಂದು ಶಬ್ದವನ್ನು ಆರಿಸಿಕೊಳ್ಳಿ; ಚರ್ಚ್ ಗಂಟೆಯ ಮೊದಲ ಬಡಿತ ಸಾಕು. ಅದು ಮೊದಲ ಕ್ಯಾಮರಾದಲ್ಲಿ 09:58:20:00, ಎರಡನೆಯದರಲ್ಲಿ 10:01:05:10 ಎಂದಿದ್ದರೆ ಎರಡನೆಯದು 2 ನಿಮಿಷ, 45 ಸೆಕೆಂಡು, 10 ಫ್ರೇಮ್ ಮುಂದಿದೆ. ಅದರ ಆರಂಭದ ಟೈಮ್‌ಕೋಡಿನಿಂದ ಇಷ್ಟನ್ನು ಕಳೆದರೆ ಎರಡೂ ಕೂಡುತ್ತವೆ.

ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್‌ನ ಟೈಮ್‌ಕೋಡ್ ಬದಲಿಸಿದರೆ ಅದು ಆ ಪ್ರಾಜೆಕ್ಟಿಗೆ ಮಾತ್ರ ಅನ್ವಯ. ಫೈಲು ಹಾಗೆಯೇ ಇರುತ್ತದೆ. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಹೊಸ ಟೈಮ್‌ಕೋಡ್ ಇರುವ ಇನ್ನೊಂದು ಪ್ರತಿಯನ್ನು ಮಾಡಿಕೊಡುತ್ತದೆ. ಚಿತ್ರವನ್ನು ಮರುಸಂಕುಚನ ಮಾಡದೆ ನಕಲಿಸುವಂತೆ ಸೂಚಿಸಿದರೆ ಗುಣಮಟ್ಟ ಕೆಡದು.

ಸಮಯವೇ ಸಾಕ್ಷಿಯಾದಾಗ

ಹಬ್ಬದ ವಿಡಿಯೋದಲ್ಲಿ ಸಮಯ ತಪ್ಪಿದರೆ ದೊಡ್ಡ ನಷ್ಟವಿಲ್ಲ. ಕಷ್ಟಕಾಲದ ವಿಡಿಯೋ ಹಾಗಲ್ಲ. 2019ರ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕು ನೆರೆಯಿಂದ ತತ್ತರಿಸಿತು. ಅದೇ ದಿನಗಳಲ್ಲಿ ಬೆಳಗಾವಿ ಜಿಲ್ಲೆಯ ಕಾಗವಾಡ, ಅಥಣಿ, ಚಿಕ್ಕೋಡಿ, ರಾಯಬಾಗ ತಾಲೂಕುಗಳಲ್ಲಿ ಕೃಷ್ಣಾ ತೀರದ ಊರುಗಳಿಗೂ ನೀರು ನುಗ್ಗಿತ್ತು. ಇಂಥ ಸಮಯದಲ್ಲಿ ಜನ ಮೊಬೈಲಿನಲ್ಲಿ ತೆಗೆದ ದೃಶ್ಯವೇ ಮನೆಗೆ ನೀರು ಯಾವಾಗ ಬಂತು, ಎಷ್ಟು ಏರಿತು ಎಂಬುದಕ್ಕೆ ಸಾಕ್ಷಿ.

ಇಲ್ಲೊಂದು ಎಚ್ಚರಿಕೆ. ಮೊಬೈಲಿನ ಎಂಪಿ4 ಫೈಲುಗಳಲ್ಲಿ ಸಾಮಾನ್ಯವಾಗಿ ಟೈಮ್‌ಕೋಡ್ ಇರುವುದಿಲ್ಲ. ಚಿತ್ರೀಕರಣದ ದಿನ ಮತ್ತು ಸಮಯ ಮಾತ್ರ ಇರುತ್ತದೆ. ಅದೂ ಹೆಚ್ಚಾಗಿ ಅಂತಾರಾಷ್ಟ್ರೀಯ ಕಾಲಮಾನದಲ್ಲಿ, ಅಂದರೆ ನಮಗಿಂತ 5 ಗಂಟೆ 30 ನಿಮಿಷ ಹಿಂದೆ. ಮುಂಜಾನೆ 4 ಗಂಟೆಗೆ ನೀರು ಒಳಬಂದ ದೃಶ್ಯ ಕೆಲವು ತಂತ್ರಾಂಶಗಳಲ್ಲಿ ಹಿಂದಿನ ರಾತ್ರಿ 10.30 ಎಂದು ಕಾಣಬಹುದು. ತಪ್ಪಾಗಿದೆಯೆಂದು ಮೂಲ ಫೈಲನ್ನೇ ತಿದ್ದಿದರೆ ನಿಜ ಹೇಳುವವರ ಮಾತೂ ಸಂಶಯಕ್ಕೆ ಈಡಾಗುತ್ತದೆ. ವಾಟ್ಸಾಪ್‌ನಲ್ಲಿ ವಿಡಿಯೋವಾಗಿ ಕಳುಹಿಸಿದರೆ ಅದು ಕುಗ್ಗಿ ಬೇರೆ ಫೈಲಾಗುತ್ತದೆ. ಅದನ್ನು ಮೂಲವೆಂದು ಇಟ್ಟುಕೊಳ್ಳಬಾರದು.

ನಮ್ಮ ವಿನಂತಿ

ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ತಪ್ಪು ಕಂಡರೆ ಹಳೆಯ ಬರಹವನ್ನು ಅಳಿಸಿ ಬರೆಯುವುದಿಲ್ಲ. ಬದಿಯಲ್ಲಿ ಟಿಪ್ಪಣಿ ಬರೆಯುತ್ತಾರೆ. ವಿಡಿಯೋಗೂ ಇದೇ ನಿಯಮ ಇರಲಿ. ಮೂಲ ಫೈಲನ್ನು ಮುಟ್ಟದೆ ಎರಡು ಕಡೆ ಇಡಿ. ತಿದ್ದುವುದಿದ್ದರೆ ಪ್ರತಿಯಲ್ಲಿ ಮಾತ್ರ. ಎಷ್ಟು ತಿದ್ದಿದ್ದೀರಿ, ಏಕೆ, ಯಾವ ದಿನ, ಯಾರು ಎಂಬುದನ್ನು ಚಿಕ್ಕ ಪಠ್ಯ ಫೈಲಿನಲ್ಲಿ ಬರೆದು ಜೊತೆಗಿಡಿ.

ಪ್ರತಿವರ್ಷ ಪವಿತ್ರಾತ್ಮರ ಹಬ್ಬದ ಹಿಂದಿನ ಭಾನುವಾರ ಹಲವು ದೇಶಗಳಲ್ಲಿ ಧರ್ಮಸಭೆ ವಿಶ್ವ ಸಂಪರ್ಕ ಮಾಧ್ಯಮ ದಿನವನ್ನು ಆಚರಿಸುತ್ತದೆ. 1967ರಲ್ಲಿ ಆರಂಭವಾದ ಈ ಆಚರಣೆಯ ಸಂದರ್ಭದಲ್ಲಿ ಪ್ರತಿ ಧರ್ಮಕೇಂದ್ರವೂ ತನ್ನ ಹಳೆಯ ವಿಡಿಯೋಗಳನ್ನು ಒಮ್ಮೆ ತೆರೆದು, ಮೂಲ ಯಾವುದು, ಪ್ರತಿ ಯಾವುದು ಎಂದು ಗುರುತು ಹಾಕಿಡಲಿ. ಮುಂದಿನ ಪೀಳಿಗೆಗೆ ನಾವು ಕೊಡುವ ದಾಖಲೆ ನಂಬಿಕೆಗೆ ಅರ್ಹವಾಗಿರಲಿ.