ಫಿಯೋರ್ಡ್ ನಾಡಿನ ಋತುಮಾನ ಮತ್ತು ಪ್ರವಾಸಿಯ ಆರೋಗ್ಯ

“ಗಾಳಿ ಬಂದಾಗ ತೂರಿಕೋ” ಎಂಬ ಗಾದೆ ರೈತನಿಗಷ್ಟೇ ಅಲ್ಲ, ಪ್ರವಾಸಿಗೂ ಅನ್ವಯಿಸುತ್ತದೆ. ಮಕ್ಕಳ ರಜೆ ಮತ್ತು ಟಿಕೆಟಿನ ದರ, ಇವೆರಡನ್ನೇ ನೋಡಿ ನಾರ್ವೆಯ ಫಿಯೋರ್ಡ್ ನೌಕಾಯಾನಕ್ಕೆ ದಿನ ಗೊತ್ತುಮಾಡುವವರು, ಜೊತೆಗೆ ಬರುವ ವೃದ್ಧ ತಂದೆತಾಯಿಯರ ದೇಹಕ್ಕೆ ಆ ತಿಂಗಳು ಒಗ್ಗುವುದೇ ಎಂಬುದನ್ನು ಮರೆಯುವುದುಂಟು.

ಹಿಮಯುಗದಲ್ಲಿ ಹಿಮನದಿಗಳು ಕೊರೆದ ಆಳವಾದ ಕಣಿವೆಗಳಿಗೆ ಕಡಲು ನುಗ್ಗಿ ಉಂಟಾದುವೇ ಫಿಯೋರ್ಡ್‌ಗಳು. ಅವುಗಳಲ್ಲಿ ಸೊಗ್ನೆ ಫಿಯೋರ್ಡ್ 200 ಕಿಲೋಮೀಟರಿಗೂ ಉದ್ದ, 1,300 ಮೀಟರಿಗೂ ಆಳ. ನಾರ್ವೆ ಧ್ರುವಕ್ಕೆ ಸಮೀಪವಾಗಿದ್ದರೂ, ನೈಋತ್ಯದಿಂದ ಹರಿದುಬರುವ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದಿಂದಾಗಿ ಅದರ ಪಶ್ಚಿಮದ ಬಂದರುಗಳು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ.

ಆದರೆ ಮಳೆಯಿಂದ ಮುಕ್ತಿಯಿಲ್ಲ. ಬರ್ಗೆನ್ ನಗರದಲ್ಲಿ ಮುಂಬಯಿಯಂತೆಯೇ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮುಂಬಯಿಯ ಮಳೆ ಬಹುತೇಕ ನಾಲ್ಕು ತಿಂಗಳಲ್ಲಿ ಮುಗಿದರೆ, ಬರ್ಗೆನ್ನಿನದು ವರ್ಷವಿಡೀ ಹಂಚಿಹೋಗಿದೆ. ಶರತ್ಕಾಲದಲ್ಲಿ ಅದು ಹೆಚ್ಚು, ವಸಂತದ ಕೊನೆಯಲ್ಲಿ ಕಡಿಮೆ.

ಮೇ ತಿಂಗಳಲ್ಲಿ ಬೆಟ್ಟದ ಹಿಮ ಕರಗಿ ಜಲಪಾತಗಳು ಮೈದುಂಬುತ್ತವೆ. ಹಾರ್ಡಾಂಗರ್ ಪ್ರದೇಶದ ಸೇಬಿನ ತೋಟಗಳು ಹೂವಾಗಿರುತ್ತವೆ. ನಮ್ಮ ಮಕ್ಕಳ ಬೇಸಿಗೆ ರಜೆಗೂ ಇದು ಹೊಂದುತ್ತದೆ. ಜುಲೈ, ಆಗಸ್ಟ್ ತಿಂಗಳುಗಳು ಎಲ್ಲಕ್ಕಿಂತ ಬೆಚ್ಚಗಿದ್ದರೂ ಜನಸಂದಣಿ ಅಧಿಕ. ಉತ್ತರದ ಟ್ರೊಮ್ಸೊ ನಗರದಲ್ಲಿ ಮೇ ಮೂರನೆಯ ವಾರದಿಂದ ಜುಲೈ ಮೂರನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಆದ್ದರಿಂದ ಆ ದಿನಗಳಲ್ಲಿ ಧ್ರುವಪ್ರಭೆಯನ್ನು ಕಾಣುವ ಆಸೆ ವ್ಯರ್ಥ. ಅದಕ್ಕೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚಿಯವರೆಗಿನ ಕತ್ತಲೆಯ ಆಕಾಶವೇ ಬೇಕು.

ಇನ್ನು ಆರೋಗ್ಯದ ಮಾತು. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ. ಹೃದ್ರೋಗಿಗಳಿಗೂ ಮಂಡಿನೋವಿನವರಿಗೂ ಜಾರುವ ಮಂಜಿನ ಚಳಿಗಾಲಕ್ಕಿಂತ ಮೇ ಕೊನೆಯಿಂದ ಆಗಸ್ಟ್‌ವರೆಗಿನ ಕಾಲ ಹಿತಕರ. ಆಗಲೂ ಹಡಗಿನ ಮೇಲಟ್ಟದ ಗಾಳಿ ಕೊರೆಯುತ್ತದೆ. ಒಂದೇ ದಪ್ಪ ಕೋಟಿಗಿಂತ ಪದರ ಪದರವಾದ ಉಡುಪು, ಅದರ ಮೇಲೆ ನೀರು ನುಸುಳದ ಅಂಗಿ ಉತ್ತಮ. ಪಾದಗಳಲ್ಲಿ ಸ್ಪರ್ಶ ಕುಂದಿದ ಮಧುಮೇಹಿಗಳು ಬೂಟು, ಕಾಲುಚೀಲಗಳನ್ನು ಒಣದಾಗಿಟ್ಟುಕೊಂಡು ದಿನವೂ ಪಾದ ಪರೀಕ್ಷಿಸಿಕೊಳ್ಳಬೇಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುವುದರಿಂದ, ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಲಿ.

ಸೂರ್ಯ ಮುಳುಗದ ನಾಡಿನಲ್ಲಿ ನಿದ್ರೆ ಸುಳಿಯುವುದು ಕಷ್ಟ. ಕಣ್ಣಿಗೆ ಕಪ್ಪು ಪಟ್ಟಿ ಸಹಾಯಕ. ರಾತ್ರಿಯ ಮಾತ್ರೆಯನ್ನು ಕತ್ತಲಾಗಲೆಂದು ಕಾಯದೆ ಗಡಿಯಾರ ನೋಡಿಯೇ ನುಂಗಬೇಕು. ಬೇಸಿಗೆಯಲ್ಲಿ ನಾರ್ವೆಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ, ಔಷಧದ ವೇಳೆಯನ್ನು ಹೊರಡುವ ಮುನ್ನವೇ ವೈದ್ಯರಲ್ಲಿ ಕೇಳಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಒಂದೇ ತಿಂಗಳು ಎಲ್ಲವನ್ನೂ ಕೊಡಲಾರದು. ಜಲಪಾತವೋ, ನಡುರಾತ್ರಿಯ ಸೂರ್ಯನೋ, ಧ್ರುವಪ್ರಭೆಯೋ ಎಂಬುದನ್ನು ನಿಶ್ಚಯಿಸುವಾಗ ಮನೆಯ ಹಿರಿಯರ ದೇಹಸ್ಥಿತಿಯೂ ಲೆಕ್ಕಕ್ಕೆ ಬರಲಿ. ದುಡಿದು ಕೂಡಿಟ್ಟ ಹಣ ಸಾರ್ಥಕವಾಗುವುದು, ಹೋದವರೆಲ್ಲರೂ ಆರೋಗ್ಯದಿಂದ ಮನೆಗೆ ಮರಳಿದಾಗಲೇ ಅಲ್ಲವೇ?