ಓದೂ ಒಂದು ನಿತ್ಯ ಕಾಯಕ

ಬೇಸಿಗೆಯ ರಜೆ ಮುಗಿದು ಶಾಲೆಗಳು ಆರಂಭವಾದೊಡನೆ ನಮ್ಮ ಮನೆಗಳಲ್ಲಿ ಹೊಸ ಪುಸ್ತಕ, ಹೊಸ ಸಮವಸ್ತ್ರಗಳ ಸಂಭ್ರಮ. ಫೆಬ್ರುವರಿ ಬಂತೆಂದರೆ ಅದೇ ಮನೆಗಳಲ್ಲಿ ಆತಂಕ, ಗದರಿಕೆ, ಕಣ್ಣೀರು. ಇವೆರಡರ ನಡುವಿನ ಎಂಟು ತಿಂಗಳುಗಳಲ್ಲಿ ಮಗು ದಿನವೂ ಯಾವ ಹೊತ್ತಿಗೆ, ಎಲ್ಲಿ ಕುಳಿತು, ಹೇಗೆ ಓದಿತು ಎಂಬುದನ್ನು ಗಮನಿಸಿದವರು ನಮ್ಮಲ್ಲಿ ಎಷ್ಟು ಜನ? ಅಂಕಗಳು ಕಡಿಮೆಯಾದಾಗ ಮಾತ್ರ ಮಗುವಿನ ಬುದ್ಧಿಯನ್ನೋ, ಶಾಲೆಯನ್ನೋ, ಕೊನೆಗೆ ಹಣೆಬರಹವನ್ನೋ ದೂರುತ್ತೇವೆ. ಹಣೆಬರಹಕ್ಕಿಂತ ದುಡಿಮೆಯನ್ನು ನಂಬಿದ ಶರಣರ ಪರಂಪರೆಯವರಿಗೆ ಇದು ಭೂಷಣವಲ್ಲ.

ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶವೇ ಈ ವಿಷಯದಲ್ಲಿ ನಮಗೊಂದು ಎಚ್ಚರಿಕೆ ನೀಡಿದೆ. 2023ರಲ್ಲಿ ಶೇಕಡಾ 83.89ರಷ್ಟು ಮಕ್ಕಳು ತೇರ್ಗಡೆಯಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಇರಿಸಿ ನೇರ ವೀಕ್ಷಣೆಯ ವ್ಯವಸ್ಥೆ ಮಾಡಲಾಯಿತು. ಆಗ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೂ ಮೊದಲ ಪರೀಕ್ಷೆಯ ಫಲಿತಾಂಶ ಶೇಕಡಾ 73.40ಕ್ಕೆ ಇಳಿಯಿತು. ನಮ್ಮ ಮಕ್ಕಳ ಬುದ್ಧಿ ಒಂದೇ ವರ್ಷದಲ್ಲಿ ಕುಗ್ಗಲು ಸಾಧ್ಯವಿಲ್ಲ. ಬೇರೆ ಆಸರೆಗಳು ತಪ್ಪಿದಾಗ ಮಗುವಿನ ಕೈಹಿಡಿಯುವುದು ವರ್ಷವಿಡೀ ಕೂಡಿಟ್ಟ ಅಭ್ಯಾಸ ಒಂದೇ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಆಯಾ ದಿನದ ದುಡಿಮೆ ಆಯಾ ದಿನಕ್ಕೆ

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ದಿನಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಅವರನ್ನು ಮರಳಿ ಕಳುಹಿಸಿದರು. ದಾಸೋಹದ ಹಿರಿಮೆಯನ್ನು ಹೇಳುವಾಗ ನಾವು ಈ ಪ್ರಸಂಗವನ್ನು ಸ್ಮರಿಸುತ್ತೇವೆ. ಇದೇ ಪ್ರಸಂಗ ವಿದ್ಯಾರ್ಥಿಗೂ ಒಂದು ಪಾಠ ಹೇಳುತ್ತದೆ. ಇಂದಿನ ಪಾಠವನ್ನು ಇಂದೇ ಅರಿಯಬೇಕು. ಒಂದು ವರ್ಷದ ಪಾಠವನ್ನು ಹದಿನೈದು ದಿನಗಳಲ್ಲಿ ಬಾಚಿ ತರುವ ಆಸೆ ಕಾಯಕವಾಗುವುದಿಲ್ಲ. ಅದು ಅಕಾಲದ ದುರಾಸೆ ಮಾತ್ರ.

ಇಂತಹ ನಿತ್ಯಕ್ರಮದ ಬಲವನ್ನು ಕಾಣಬೇಕಾದರೆ ನಮ್ಮ ಮಠಗಳ ಉಚಿತ ಪ್ರಸಾದ ನಿಲಯಗಳತ್ತ ನೋಡಬೇಕು. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಬಿಟ್ಟುಹೋದರು. 1916ರಲ್ಲಿ ಬೆಳಗಾವಿಯಲ್ಲಿ ಸಪ್ತರ್ಷಿಗಳೆಂದು ಹೆಸರಾದ ಏಳು ಜನ ತರುಣರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಆದರೆ ಹಣ ಮತ್ತು ಶಾಲೆಗಳಿದ್ದರೆ ಸಾಲದು. ಓದುವ ವಾತಾವರಣವೂ ಬೇಕು. ಅದನ್ನು ಒದಗಿಸಿದವು ಪ್ರಸಾದ ನಿಲಯಗಳು. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ದಶಕಗಳ ಕಾಲ ಜಾತಿ-ಮತಗಳ ಭೇದವಿಲ್ಲದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಅಲ್ಲಿಗೆ ಬಂದ ಮಕ್ಕಳಲ್ಲಿ ಬಹುಮಂದಿ ಮನೆಯಲ್ಲಿ ಪುಸ್ತಕದ ಮುಖ ಕಾಣದ ರೈತರ, ಕೂಲಿಕಾರರ ಮಕ್ಕಳು. ಅವರಿಗೆ ಅಲ್ಲಿ ದೊರೆತದ್ದು ನಸುಕಿನಲ್ಲಿ ಏಳುವ ರೂಢಿ, ಪ್ರಾರ್ಥನೆ, ನಿಗದಿಯಾದ ಓದಿನ ಹೊತ್ತು, ಜೊತೆಯಲ್ಲಿ ಓದುವ ಗೆಳೆಯರು. ಹಾಗೆ ಬೆಳೆದವರು ಅಧಿಕಾರಿಗಳೂ ಅಧ್ಯಾಪಕರೂ ವೈದ್ಯರೂ ಆದರು. ಈ ಶಿಸ್ತನ್ನು ನಾವು ನಮ್ಮ ಮನೆಗಳಿಗೂ ತಂದುಕೊಳ್ಳಬಹುದು. ಅದಕ್ಕೆ ಹಣ ಬೇಕಿಲ್ಲ.

ಹೊತ್ತು ಮತ್ತು ಜಾಗ

ಮನೆಯಲ್ಲಿ ಇಷ್ಟಲಿಂಗ ಪೂಜೆಗೆ ಒಂದು ಹೊತ್ತು, ಒಂದು ಜಾಗ ಇರುವಂತೆ ಓದಿಗೂ ಇರಲಿ. ಪ್ರತ್ಯೇಕ ಕೋಣೆಯೇ ಬೇಕೆಂದಿಲ್ಲ. ಪಡಸಾಲೆಯ ಒಂದು ಮೂಲೆ, ಒಂದು ಚಾಪೆ, ಒಳ್ಳೆಯ ಬೆಳಕು ಸಾಕು. ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕುಳಿತ ಮಗುವಿಗೆ ಕೆಲವೇ ವಾರಗಳಲ್ಲಿ ‘ಓದಲು ಕೂಡು’ ಎಂದು ಹೇಳುವ ಅಗತ್ಯ ಕಡಿಮೆಯಾಗುತ್ತದೆ. ಚಿಕ್ಕ ಮಕ್ಕಳು ಒಮ್ಮೆಗೆ ಇಪ್ಪತ್ತು-ಇಪ್ಪತ್ತೈದು ನಿಮಿಷ ಓದಿ, ಸ್ವಲ್ಪ ಆಡಿ, ಮತ್ತೆ ಕುಳಿತುಕೊಳ್ಳಲಿ.

ಆ ಹೊತ್ತಿನಲ್ಲಿ ಹಿರಿಯರು ದೂರದರ್ಶನದ ಮುಂದೆಯೋ ಮೊಬೈಲಿನ ಮುಂದೆಯೋ ಕುಳಿತರೆ ಮಗುವಿಗೆ ಹೇಳಿದ ಬುದ್ಧಿಮಾತಿಗೆ ಬೆಲೆಯಿಲ್ಲ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ನಡತೆಯನ್ನೇ ಹೆಚ್ಚು ಅನುಸರಿಸುತ್ತಾರೆ. ಆ ಒಂದು ತಾಸು ಮನೆಯ ಮೊಬೈಲುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ತಂದೆ ಪತ್ರಿಕೆ ಓದಲಿ, ಅಜ್ಜಿ ವಚನ ಓದಲಿ, ತಾಯಿ ಲೆಕ್ಕ ಬರೆಯಲಿ. ಮನೆಯೇ ಒಂದು ಪುಟ್ಟ ಪ್ರಸಾದ ನಿಲಯವಾಗುತ್ತದೆ.

ಪುಸ್ತಕ ಮುಚ್ಚಿ ಓದುವುದು

ಬಹಳ ಹೊತ್ತು ಓದುವುದು ಬೇರೆ, ಸರಿಯಾಗಿ ಓದುವುದು ಬೇರೆ. ಒಂದೇ ಪುಟವನ್ನು ಹತ್ತು ಸಲ ಗಟ್ಟಿಯಾಗಿ ಓದಿದ ಮಗುವಿಗೆ ಎಲ್ಲವೂ ಬಂದಂತೆ ತೋರುತ್ತದೆ. ಆದರೆ ಅದು ಭ್ರಮೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಅವರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪಾಠವನ್ನು ಬದಿಗಿಟ್ಟು, ನೆನಪಿದ್ದುದನ್ನು ಬರೆಯಿತು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರಿಗೆ ಶೇಕಡಾ 81ರಷ್ಟು, ನೆನಪಿನಿಂದ ಬರೆದವರಿಗೆ ಶೇಕಡಾ 75ರಷ್ಟು ನೆನಪಿತ್ತು. ಒಂದು ವಾರದ ನಂತರ ಪರೀಕ್ಷಿಸಿದಾಗ ಫಲ ತಿರುವುಮುರುವಾಯಿತು. ಎರಡು ಸಲ ಓದಿದವರಲ್ಲಿ ಶೇಕಡಾ 42 ಮಾತ್ರ ಉಳಿದಿತ್ತು. ನೆನಪಿನಿಂದ ಬರೆದವರಲ್ಲಿ ಶೇಕಡಾ 56 ಉಳಿದಿತ್ತು.

ಆದ್ದರಿಂದ ಒಂದು ಪುಟ ಓದಿದ ಮೇಲೆ ಪುಸ್ತಕ ಮುಚ್ಚಿ, ‘ಈಗ ನಾನೇನು ಓದಿದೆ?’ ಎಂದು ಮಗು ತನ್ನನ್ನೇ ಕೇಳಿಕೊಳ್ಳಲಿ. ನೆನಪಾದುದನ್ನು ಬರೆಯಲಿ; ಬಿಟ್ಟುಹೋದುದನ್ನು ಪುಸ್ತಕ ತೆರೆದು ನೋಡಲಿ. ಕಲಿತದ್ದನ್ನು ಮರುದಿನ ಒಮ್ಮೆ, ಒಂದು ವಾರದ ಮೇಲೆ ಒಮ್ಮೆ, ತಿಂಗಳ ಮೇಲೆ ಒಮ್ಮೆ ಹೀಗೆಯೇ ನೆನಪಿಸಿಕೊಳ್ಳಲಿ. ಕಲಿತದ್ದು ಆರಂಭದಲ್ಲಿ ಬೇಗ ಮರೆತುಹೋಗುತ್ತದೆ, ಅಭ್ಯಾಸವನ್ನು ದಿನಗಳಿಗೆ ಹಂಚಿಕೊಂಡರೆ ಶ್ರಮ ಕಡಿಮೆಯಾಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತೋರಿಸಿದ್ದರು. ನಮ್ಮ ಹಿರಿಯರು ಮಗ್ಗಿಯನ್ನೂ ವಚನಗಳನ್ನೂ ದಿನವೂ ಸಂಜೆ ಮಕ್ಕಳಿಂದ ಒಪ್ಪಿಸಿಕೊಳ್ಳುತ್ತಿದ್ದುದರ ಮರ್ಮವೂ ಇದೇ.

ಓದು ಬಾರದ ತಾಯಿಯೂ ಗುರುವಾಗಬಲ್ಲಳು

‘ಮಗು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದೆ, ನಮಗೆ ಇಂಗ್ಲಿಷ್ ಬಾರದು, ನಾವೇನು ಮಾಡೋಣ?’ ಎಂದು ಹಲವು ತಾಯಂದಿರು ಕೇಳುತ್ತಾರೆ. ಅವರು ಸುಮ್ಮನೆ ಕೇಳುವವರಾಗಬೇಕು, ಅಷ್ಟೇ. ರೊಟ್ಟಿ ಬಡಿಯುತ್ತಲೇ ‘ಇವತ್ತು ಶಾಲೆಯಲ್ಲಿ ಏನು ಹೇಳಿಕೊಟ್ಟರು? ನನಗೆ ತಿಳಿಯುವಂತೆ ಹೇಳು’ ಎನ್ನಬಹುದು. ಮಗು ಮಳೆ ಹೇಗಾಗುತ್ತದೆ, ಭಿನ್ನರಾಶಿಯೆಂದರೇನು ಎಂದು ಕನ್ನಡದಲ್ಲಿ ವಿವರಿಸುವಾಗ ಮೇಲೆ ಹೇಳಿದ ಅಭ್ಯಾಸವೇ ನಡೆಯುತ್ತದೆ. ಬಾಯಿಪಾಠವೆಷ್ಟು, ಅರಿವೆಷ್ಟು ಎಂಬುದೂ ಅಲ್ಲಿಯೇ ಬಯಲಾಗುತ್ತದೆ. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಅರಿವು ಬೆಳೆದದ್ದು ಪ್ರಶ್ನೆ-ಉತ್ತರಗಳಿಂದ. ಅಲ್ಲಿ ಅಂಬಿಗನೂ ಮಡಿವಾಳನೂ ಸರಿಸಮಾನವಾಗಿ ಕುಳಿತು ಪ್ರಶ್ನಿಸಿದರು. ಪ್ರಶ್ನೆ ಕೇಳುವ ಮಗುವನ್ನು ‘ಎದುರು ಮಾತಾಡಬೇಡ’ ಎಂದು ಗದರುವ ಮನೆಯಲ್ಲಿ ಆ ಮಂಟಪದ ನೆರಳೂ ಸುಳಿಯಲಾರದು.

ಇಲ್ಲಿ ಇನ್ನೊಂದು ಮಾತನ್ನು ನಾವು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಸಂಜೆ ಮಗ ಪುಸ್ತಕ ಹಿಡಿದು ಕುಳಿತಾಗ ಮಗಳು ಪಾತ್ರೆ ತೊಳೆಯುತ್ತಿರುವ ದೃಶ್ಯ ಇಂದಿಗೂ ನಮ್ಮ ಅನೇಕ ಮನೆಗಳಲ್ಲಿದೆ. ಕೆಲಸ ಕಲಿಯುವುದು ತಪ್ಪಲ್ಲ, ಇಬ್ಬರೂ ಕಲಿಯಲಿ. ಆದರೆ ಓದಿನ ಹೊತ್ತು ಇಬ್ಬರಿಗೂ ಒಂದೇ ಆಗಿರಲಿ. ಅಕ್ಕಮಹಾದೇವಿಯನ್ನು ಜಯಂತಿಯ ದಿನ ಮಾತ್ರ ಸ್ಮರಿಸಿದರೆ ಸಾಲದು.

ನಿದ್ರೆಯನ್ನು ಕಸಿಯಬೇಡಿ

ಪರೀಕ್ಷೆಯ ದಿನಗಳಲ್ಲಿ ನಡುರಾತ್ರಿಯವರೆಗೆ ಚಹಾ ಕುಡಿಸಿ ಕೂರಿಸುವುದು ಪ್ರೀತಿಯಲ್ಲ. ಹಗಲು ಕಲಿತದ್ದು ಮಿದುಳಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ತಾಸು, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ತಾಸು ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ. ನಸುಕಿನಲ್ಲಿ ಎಬ್ಬಿಸುವುದಾದರೆ ರಾತ್ರಿ ಬೇಗ ಮಲಗಿಸುವುದೂ ನಮ್ಮದೇ ಹೊಣೆ.

ಫಲಿತಾಂಶದ ದಿನ

ಕಾಯಕದಲ್ಲಿ ಮೇಲು-ಕೀಳಿಲ್ಲ ಎಂದು ವೇದಿಕೆಯ ಮೇಲೆ ಹೇಳುವ ನಾವು ಪಕ್ಕದ ಮನೆಯ ಮಗುವಿನ ಅಂಕಗಳೊಡನೆ ನಮ್ಮ ಮಗುವನ್ನು ತೂಗುತ್ತೇವೆ. ಫಲಿತಾಂಶ ಪ್ರಕಟವಾದ ದಿನ ಮನೆಯಲ್ಲಿ ಬೀಳುವ ಒಂದು ಕಟುಮಾತು ಎಳೆಯ ಜೀವವನ್ನು ಎಲ್ಲಿಗೆ ನೂಕಬಲ್ಲದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದಿತು. ಸರ್ಕಾರವೇ ಮತ್ತೊಂದು ಅವಕಾಶ ಕೊಡುವಾಗ ಹೆತ್ತವರು ಕೊಡದಿರಬಹುದೇ? ‘ಎಷ್ಟು ಅಂಕ ಬಂತು?’ ಎಂಬ ಪ್ರಶ್ನೆಯನ್ನು ವರ್ಷಕ್ಕೊಮ್ಮೆ ಕೇಳೋಣ. ‘ಇಂದು ಏನನ್ನು ಅರಿತೆ?’ ಎಂಬುದನ್ನು ದಿನವೂ ಕೇಳೋಣ.

ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆ ನಮಗೆಲ್ಲ ಗೊತ್ತು. ಅದನ್ನು ನಡೆಯಲ್ಲಿ ತರಲು ಶುಭಮುಹೂರ್ತ ಕಾಯಬೇಕಿಲ್ಲ. ಇಂದು ಸಂಜೆ ಮನೆಯ ಒಂದು ಮೂಲೆಯನ್ನು ಗುಡಿಸಿ, ಚಾಪೆ ಹಾಸಿ, ಮಕ್ಕಳೊಡನೆ ನಾವೂ ಒಂದು ತಾಸು ಕುಳಿತುಕೊಳ್ಳೋಣ. ನಾಳೆ ಅದೇ ಹೊತ್ತಿಗೆ ಮತ್ತೆ ಕುಳಿತುಕೊಳ್ಳೋಣ.